ನಾನಿಯ ಮುಖಕ್ಕೆ ಕಣ್ಣು ಬರೆದವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ಚಿಂತಾಮಣಿಯಿಂದ ನನ್ನ ತಂಗಿಯ ಮಗ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದ. ಹತ್ತು ವರ್ಷದ ಹುಡುಗ. ಸರಕಾರಿ ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿ ಕನ್ನಡ ಮಾಧ್ಯಮಕ್ಕೆ ಸೇರಿದವನು. ಅವನ ಅಪ್ಪ ಸ್ಕೂಟರ್ ರಿಪೇರಿ ಮಾಡುತ್ತಾರೆ. ಶೆಡ್ಡಿನ ಹಳೆಯ ಬಿಲ್ ಪುಸ್ತಕಗಳ ಹಿಂಬದಿಯ ತುಂಬ ಈ ಹುಡುಗನ ಚಿತ್ರಗಳೇ. ಸೈಲೆನ್ಸರ್, ಚೈನು, ಬಿಚ್ಚಿಟ್ಟ ಕಾರ್ಬ್ಯುರೇಟರ್. ಅವುಗಳನ್ನು ಅವನು ಬರೆದಿರುವ ರೀತಿ ನೋಡಿದರೆ, ಆ ವಸ್ತು ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದಷ್ಟೇ ಅಲ್ಲ, ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಅವನಿಗೆ ಗೊತ್ತಿದೆಯೆಂದು ತಿಳಿಯುತ್ತದೆ.

ಅದೇ ವಾರ ನಗರದ ಒಂದು ಸಮಕಾಲೀನ ಕಲಾ ಗ್ಯಾಲರಿಯಲ್ಲಿ ಭಾನುವಾರ ‘ಫ್ಯಾಮಿಲಿ ಆರ್ಟ್ ವರ್ಕ್‌ಶಾಪ್’ ಇದೆಯೆಂದು ಗೊತ್ತಾಯಿತು. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಕೂತು ಎರಡು ಗಂಟೆ ಚಿತ್ರ ಮಾಡುವ ಕಾರ್ಯಕ್ರಮ. ಅವನನ್ನೂ ಎಂಟು ವರ್ಷದ ನನ್ನ ಮಗಳನ್ನೂ ಕರೆದುಕೊಂಡು ಹೋದೆ. ಗ್ಯಾಲರಿಯ ಹೆಸರು ಇಲ್ಲಿ ಬೇಡ. ಇಂಥ ಕಾರ್ಯಕ್ರಮಗಳು ಈಗ ನಮ್ಮ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತಿವೆ, ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ನಡೆಯುತ್ತಿವೆ. ಹೆಸರು ಹೇಳಿದರೆ ಓದುಗರು ಒಂದು ಕಟ್ಟಡದ ಮೇಲೆ ಸಿಟ್ಟು ಮಾಡಿಕೊಂಡು ಸುಮ್ಮನಾಗುತ್ತಾರೆ. ನನ್ನ ತಕರಾರು ಇರುವುದು ಆ ಅಚ್ಚಿನ ಬಗ್ಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡಬೇಕು. ಜಾಗ ತಂಪಾಗಿತ್ತು. ಕಾಗದ ದಪ್ಪದ್ದು, ಬಣ್ಣ ಬೇಕಾದಷ್ಟು, ಚೆಲ್ಲಿದರೆ ಯಾರೂ ಗದರುತ್ತಿರಲಿಲ್ಲ. ನಡೆಸಿಕೊಟ್ಟ ಇಬ್ಬರು ಯುವ ಕಲಾವಿದೆಯರು ನೆಲಕ್ಕೆ ಮೊಣಕಾಲೂರಿ, ಮಕ್ಕಳ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದರು. ಸೇಬು, ಕೊಡೆ, ರಾಷ್ಟ್ರಧ್ವಜ ಈ ಮೂರನ್ನೇ ಏಳು ವರ್ಷ ಬರೆಸಿದ, ಗೆರೆ ಸೊಟ್ಟಗಾದರೆ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರ ಕೈಕೆಳಗೆ ಕಲಿತ ನನ್ನಂಥವಳಿಗೆ ಇದು ಸಣ್ಣ ಸಂಗತಿಯಲ್ಲ. ಎರಡು ಮಕ್ಕಳಿಗೆ ಕೊಟ್ಟ ಶುಲ್ಕದಲ್ಲಿ ತಂಗಿಯ ಮನೆಯ ಒಂದು ವಾರದ ಸಂತೆ ಆಗುತ್ತಿತ್ತು ಎಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತಲೇ ಇತ್ತು. ಅದು ನನ್ನ ಚಟ, ಇರಲಿ.

ಆ ದಿನದ ವಸ್ತು ‘ನಮ್ಮ ಕುಟುಂಬ’. ಗೋಡೆಯ ಮೇಲೆ ಮಾದರಿಯೊಂದನ್ನು ತೂಗುಹಾಕಿದ್ದರು. ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು, ಪಕ್ಕದಲ್ಲೊಂದು ನಾಯಿ. ಪ್ರತಿ ಮಗುವಿಗೂ ಕೊಟ್ಟ ಹಲಗೆಯ ಮೇಲೆ ಮೊದಲೇ ನಾಲ್ಕು ಮೊಟ್ಟೆಯಾಕಾರದ ಮುಖಗಳನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಮಾಡಲಾಗಿತ್ತು. ಮಕ್ಕಳಿಗೆ ಸುಲಭವಾಗಲಿ ಎಂದು. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ. ಹುಡುಗ ಒಮ್ಮೆ ನನ್ನ ಕಡೆ ನೋಡಿದ, ನಾನು ದಖನಿಯಲ್ಲಿ ಹೇಳಿದೆ. ‘ಖಾಲಾ, ನಮ್ಮ ಮನೆಯಲ್ಲಿ ಏಳು ಜನ’ ಅಂದ. ಅವರಲ್ಲಿ ಯಾರನ್ನು ಬಿಡುವುದು ಎಂದು ಸ್ವಲ್ಪ ಹೊತ್ತು ಯೋಚಿಸಿ, ಹಲಗೆಯನ್ನು ಮಗುಚಿ ಹಾಕಿ ಗುರುತುಗಳಿಲ್ಲದ ಹಿಂಬದಿಯಲ್ಲಿ ಶುರುಮಾಡಿದ. ಆ ಎರಡು ಗಂಟೆಯಲ್ಲಿ ನಾನು ಕಂಡ ಕಲಾತ್ಮಕ ತೀರ್ಮಾನ ಅದೊಂದೇ. ಅದನ್ನು ಯಾರೂ ಗಮನಿಸಲಿಲ್ಲ. ಆ ಕ್ಷಣಕ್ಕೆ ನಾನೂ ಗಮನಿಸಲಿಲ್ಲ.

ಅವನು ಮೊದಲು ಬರೆದದ್ದು ನಾನಿಯನ್ನು, ಅಂದರೆ ನನ್ನ ತಾಯಿಯನ್ನು. ಮಂಚದ ತುದಿಯಲ್ಲಿ ಕೂತ ಭಂಗಿ, ತಲೆಯ ಮೇಲಿಂದ ಎಳೆದುಕೊಂಡ ದುಪಟ್ಟಾ, ಮಡಿಲಲ್ಲಿ ಅಡಿಕೆ ಕತ್ತರಿ. ಕತ್ತರಿಯ ಕೀಲು ಎಲ್ಲಿದೆ ಎಂಬುದನ್ನು ಕೂಡ ಬಿಡಿಸಿದ್ದ. ಮುಖದ ಜಾಗ ಮಾತ್ರ ಖಾಲಿ. ಅಪ್ಪನ ಮುಖದಲ್ಲಿ ಕಣ್ಣಿತ್ತು, ಮೀಸೆಯಿತ್ತು. ತಮ್ಮನಿಗೆ ಹಲ್ಲು ಕೂಡ ಇತ್ತು. ನಾನಿಗೆ ಏನೂ ಇರಲಿಲ್ಲ. ಕಲಾವಿದೆ ಬಂದು ಪ್ರೀತಿಯಿಂದಲೇ, ಅಜ್ಜಿಯ ಮುಖ ಬಿಟ್ಟುಬಿಟ್ಟಿದ್ದೀಯಲ್ಲ, ಮುಗಿಸು, ಇನ್ನು ಹತ್ತೇ ನಿಮಿಷ ಇದೆ ಅಂದರು. ಹುಡುಗ ಕುಂಚ ಹಿಡಿದು ಸುಮ್ಮನೆ ಕೂತ.

ಕಾರಣ ನನಗೆ ಗೊತ್ತಿತ್ತು. ನನ್ನ ತಾಯಿಗೆ ತನ್ನ ಚಿತ್ರ ಯಾರೂ ಬರೆಯುವುದು ಇಷ್ಟವಿಲ್ಲ, ಫೋಟೋ ತೆಗೆಸಿಕೊಳ್ಳುವುದೂ ಇಷ್ಟವಿಲ್ಲ. ಆಧಾರ್ ಕಾರ್ಡಿಗಾಗಿ ಒಮ್ಮೆ ತೆಗೆಸಿಕೊಂಡದ್ದನ್ನೇ ಇವತ್ತಿಗೂ ಆಡಿಕೊಳ್ಳುತ್ತಾರೆ. ಜೀವವಿರುವುದರ ಚಿತ್ರ ಬರೆಯಬಹುದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಮನೆಯಿಂದ ಮನೆಗೆ, ಒಂದೇ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಉತ್ತರ ಬದಲಾಗುತ್ತದೆ. ಹುಡುಗನ ಮನೆಯಲ್ಲಿ ಅಪ್ಪನಿಗೆ ತಕರಾರಿಲ್ಲ, ನಾನಿಗೆ ಇದೆ. ಆದ್ದರಿಂದ ಅವನು ಅಪ್ಪನಿಗೆ ಕಣ್ಣು ಬರೆದ, ನಾನಿಗೆ ಬರೆಯಲಿಲ್ಲ. ಇದು ಮರೆವೂ ಅಲ್ಲ, ಹೆದರಿಕೆಯೂ ಅಲ್ಲ. ಚಿತ್ರ ಬರೆಸಿಕೊಳ್ಳುವವರ ಇಷ್ಟವನ್ನು ಬರೆಯುವವನು ಗೌರವಿಸಿದ್ದು. ಭಾವಚಿತ್ರ ಬರೆಯುವ ದೊಡ್ಡ ಕಲಾವಿದರೂ ಇಷ್ಟು ಎಚ್ಚರದಲ್ಲಿರುವುದಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆ. ಸುತ್ತ ಎಲ್ಲರೂ ಮುಗಿಸುತ್ತಿದ್ದರು. ಕಲಾವಿದೆ ಇನ್ನೊಮ್ಮೆ ಬಂದು ನಿಂತರು. ‘ನಮ್ಮವರು ಹಾಗೆ, ಮುಖ ಬರೆಯುವುದಿಲ್ಲ’ ಎಂದು ಅವರು ಅಂದುಕೊಳ್ಳಬಾರದು ಎಂಬ ಅಳುಕು ನನಗೆ ಬಂತು. ಈ ಅಳುಕು ಏನೆಂದು ಈ ಪತ್ರಿಕೆಯ ಬಹುಪಾಲು ಓದುಗರಿಗೆ ವಿವರಿಸಬೇಕಾಗಿಲ್ಲ. ನಾನು ಹುಡುಗನ ಕೈಯಿಂದ ಕುಂಚ ತೆಗೆದುಕೊಂಡು, ಎರಡು ಕಣ್ಣು, ಒಂದು ಮೂಗು, ಒಂದು ನಗು ಬರೆದೆ. ಅವನು ಏನೂ ಹೇಳಲಿಲ್ಲ. ಕುಂಚ ಮರಳಿ ಕೊಟ್ಟಾಗ ತೆಗೆದುಕೊಳ್ಳಲೂ ಇಲ್ಲ.

ಮೇಲೆ ನೋಡಿದರೆ ಎಲ್ಲ ಮೇಜುಗಳಲ್ಲೂ ಇದೇ ನಡೆಯುತ್ತಿತ್ತು. ಎದುರಿಗಿದ್ದ ತಂದೆಯೊಬ್ಬರು ಮಗಳ ಹಲಗೆಯನ್ನು ಪೂರ್ತಿಯಾಗಿ ತಮ್ಮ ಕಡೆ ಎಳೆದುಕೊಂಡು ಮೋಡಕ್ಕೆ ನೆರಳು ಹಾಕುತ್ತಿದ್ದರು, ಮಗು ಖಾಲಿ ಬಣ್ಣದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ ಆಡುತ್ತಿತ್ತು. ಪಕ್ಕದ ತಾಯಿ ‘ಗೆರೆಯಿಂದ ಹೊರಗೆ ಹೋಗಬೇಡ’ ಎಂದು ನಾಲ್ಕು ಸಲ ಹೇಳಿದರು. ನನ್ನ ಮಗಳು ಮಾದರಿಯಲ್ಲಿದ್ದ ನಾಯಿಯನ್ನು ಹಾಗೆಯೇ ಇಳಿಸಿದ್ದಳು, ನಮ್ಮ ಮನೆಯಲ್ಲಿ ಎಂದೂ ನಾಯಿ ಇದ್ದದ್ದಿಲ್ಲ. ಕೊನೆಗೆ ಎಲ್ಲ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ಗುಂಪು ಫೋಟೋ ತೆಗೆದರು. ಇಪ್ಪತ್ತು ಮನೆಗಳ ಚಿತ್ರ ಒಂದೇ ಮನೆಯ ಇಪ್ಪತ್ತು ಪ್ರತಿಗಳ ಹಾಗಿತ್ತು.

ಇನ್ನೊಂದು ವಿಷಯ ಮನೆಗೆ ಬಂದ ಮೇಲೆ ಹೊಳೆಯಿತು. ಈ ಕಾರ್ಯಾಗಾರ ನಡೆದದ್ದು ಕೆಳಮನೆಯಲ್ಲಿ. ಮೇಲಿನ ಎರಡು ಅಂತಸ್ತುಗಳಲ್ಲಿ ನಮ್ಮ ಕಾಲದ ಕಲಾವಿದರ ಪ್ರದರ್ಶನ ಇತ್ತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲೇ ಇಲ್ಲ. ಕಲಾ ಗ್ಯಾಲರಿಗೆ ಬಂದ ಇಪ್ಪತ್ತು ಮಕ್ಕಳು ಒಂದೂ ಕಲಾಕೃತಿಯನ್ನು ನೋಡದೆ ಮನೆಗೆ ಹೋದರು. ಹಾಗಾದರೆ ಇದನ್ನು ಕಲ್ಯಾಣಮಂಟಪದಲ್ಲಿ ಮಾಡಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು? ಮಕ್ಕಳು ಮುಟ್ಟಿಬಿಟ್ಟಾರು ಎಂಬ ಭಯ ಗ್ಯಾಲರಿಯವರಿಗೆ, ಅರ್ಥವಾಗುವುದಿಲ್ಲ ಎಂಬ ನಂಬಿಕೆ ಹೆತ್ತವರಿಗೆ. ಸಮಕಾಲೀನ ಕಲೆ ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ಹೇಳುವವರನ್ನು ನಾನು ಒಂದು ಮಾತು ಕೇಳಬಯಸುತ್ತೇನೆ. ನಮಗೆ ಅರ್ಥವಾಗಿದೆಯೇ? ಮುರಿದ ಕುರ್ಚಿಯೊಂದನ್ನು ಗೋಡೆಗೆ ತೂಗುಹಾಕಿದ್ದರೆ ನಾವು ಪಕ್ಕದ ಚೀಟಿ ಓದುತ್ತೇವೆ. ಆ ಹುಡುಗನಾದರೆ ಅದು ಯಾವ ಮೊಳೆಯ ಮೇಲೆ ನಿಂತಿದೆ ಎಂದು ಬಗ್ಗಿ ನೋಡುತ್ತಿದ್ದ. ಶುರುಮಾಡಲು ಅದು ಚೀಟಿಗಿಂತ ಒಳ್ಳೆಯ ಜಾಗ.

ಹಾಗೆಂದು ಈ ಸಮಸ್ಯೆಗಳು ಬೆಂಗಳೂರಿನಲ್ಲಿ ಹುಟ್ಟಿದವಲ್ಲ. ಕಲಾ ಸಂಗ್ರಹಾಲಯಗಳು ಮಕ್ಕಳಿಗೆ ಬಾಗಿಲು ತೆರೆದ ಕಥೆಯಲ್ಲಿ ದೊಡ್ಡವರ ಕೈಯನ್ನು ಏನು ಮಾಡಬೇಕು ಎಂಬುದು ಬಹಳ ಹಳೆಯ ಜಗಳ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1937ರಿಂದ 1969ರವರೆಗೆ ಶಿಕ್ಷಣ ವಿಭಾಗವನ್ನು ನಡೆಸಿದ ವಿಕ್ಟರ್ ಡಿ’ಅಮಿಕೊ ಎಂಬವರು 1942ರಲ್ಲಿ ‘ಚಿಲ್ಡ್ರನ್ಸ್ ಆರ್ಟ್ ಕಾರ್ನಿವಲ್’ ಎಂಬುದನ್ನು ಶುರುಮಾಡಿದರು. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾತ್ರ ಪ್ರವೇಶ. ಒಳಹೋಗುವ ಬಾಗಿಲನ್ನೇ ಮಕ್ಕಳ ಮೈಯ ಆಕಾರದಲ್ಲಿ ಕತ್ತರಿಸಿದ್ದರು. ಒಂದು ನಾಲ್ಕು ವರ್ಷದವರ ಅಳತೆಗೆ, ಇನ್ನೊಂದು ಹನ್ನೆರಡು ವರ್ಷದವರ ಅಳತೆಗೆ. ಒಳಗೆ ಮೊದಲು ಮಂದ ಬೆಳಕಿನ ಕೋಣೆ, ಅಲ್ಲಿ ತಿರುಗಿಸಿ, ಒತ್ತಿ, ಬೆಳಕು ಬಣ್ಣಗಳ ಆಟ ನೋಡುವ ಆಟಿಕೆಗಳು. ಕಣ್ಣು ಕೈ ಎರಡೂ ಎಚ್ಚರಗೊಂಡ ಮೇಲೆ ಬೆಳಕಿನ ಕೋಣೆ, ಅಲ್ಲಿ ಕಾಗದ, ಬಣ್ಣ, ಅಂಟು, ಚಿಂದಿ ಬಟ್ಟೆ. ತಂದೆತಾಯಿಗಳು ಹೊರಗೇ ನಿಲ್ಲಬೇಕು. ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕಗಳನ್ನೂ, ಅಂಕಿ ನೋಡಿ ಬಣ್ಣ ಹಚ್ಚುವ ಪೆಟ್ಟಿಗೆಗಳನ್ನೂ ಡಿ’ಅಮಿಕೊ ಜೀವನಪೂರ್ತಿ ವಿರೋಧಿಸಿದರು.

ಆದರೆ ಅವರೇ ಮುಂದೆ ಮನೆಮಂದಿ ಜೊತೆಗೂಡಿ ಕಲಿಯುವ ತರಗತಿಗಳನ್ನೂ ನಡೆಸಿದರು, 1954ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ‘ಆರ್ಟ್ ಫಾರ್ ದಿ ಫ್ಯಾಮಿಲಿ’ ಎಂಬ ಪುಸ್ತಕವನ್ನೂ ತಂದರು. ಹೊರಗೆ ನಿಲ್ಲಿಸಿದ ಹಿರಿಯರನ್ನು ಮತ್ತೆ ಒಳಗೆ ಕರೆಯುವುದಾದರೆ ಅವರು ಯಾವ ಕೆಲಸಕ್ಕೆ ಬರಬೇಕು? ನನಗೆ ತೋಚುವುದು ಒಂದೇ ದಾರಿ: ಹಿರಿಯರು ಮಗುವಿನ ಚಿತ್ರವನ್ನು ಬಿಟ್ಟು ತಮ್ಮದೇ ಚಿತ್ರ ಮಾಡಬೇಕು. ನಮ್ಮ ಕಾರ್ಯಾಗಾರದಲ್ಲಿ ನನ್ನ ಮುಂದೆ ಕಾಗದವನ್ನೇ ಇಟ್ಟಿರಲಿಲ್ಲ. ನಾನು ಮೇಲ್ವಿಚಾರಕಿ. ಕೈ ಖಾಲಿ ಇದ್ದ ಮೇಲ್ವಿಚಾರಕಿ ಮಗುವಿನ ಕುಂಚಕ್ಕೆ ಕೈ ಹಾಕದೆ ಇನ್ನೇನು ಮಾಡುತ್ತಾಳೆ? ನನ್ನ ತಪ್ಪನ್ನು ಅವರ ಮೇಲೆ ಹಾಕುತ್ತಿದ್ದೇನೆ ಎಂದು ಓದುಗರಿಗೆ ಅನ್ನಿಸಿದರೆ, ಅರ್ಧ ನಿಜ.

ಈ ಕಾರ್ನಿವಲ್ ನಮ್ಮ ದೇಶಕ್ಕೂ ಬಂದಿತ್ತು. 1960ರ ದಶಕದ ಮೊದಲಲ್ಲಿ ಜಾಕ್ವೆಲಿನ್ ಕೆನಡಿಯವರು ಅದನ್ನು ಇಂದಿರಾ ಗಾಂಧಿಯವರ ಮೂಲಕ ದೆಹಲಿಯ ಮಕ್ಕಳಿಗೆ ಉಡುಗೊರೆಯಾಗಿ ಕೊಟ್ಟರು. ಅದಕ್ಕೂ ಮುಂಚೆ, 1949ರಲ್ಲಿ, ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ‘ಶಂಕರ್ಸ್ ವೀಕ್ಲಿ’ಯ ಮೂಲಕ ಮಕ್ಕಳ ಚಿತ್ರಕಲಾ ಸ್ಪರ್ಧೆ ಆರಂಭಿಸಿದ್ದರು. ಅದು ಬೇಗನೆ ಅಂತರರಾಷ್ಟ್ರೀಯವೂ ಆಯಿತು. ಶಂಕರ್ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ನಮ್ಮಲ್ಲಿ ಬೇರು ಬಿಟ್ಟದ್ದು ಸ್ಪರ್ಧೆ, ಕಾರ್ನಿವಲ್ ಅಲ್ಲ. ಇವತ್ತು ಯಾವ ಶಾಲೆಗೆ ಹೋದರೂ ಮಕ್ಕಳ ಚಿತ್ರವೆಂದರೆ ‘ಪರಿಸರ ಉಳಿಸಿ’ ಎಂಬ ವಿಷಯ, ಒಂದು ಗಂಟೆ ಸಮಯ, ಮೂರು ಬಹುಮಾನ. ಎಡಗಡೆ ಹಸಿರು ಮರ, ಬಲಗಡೆ ಕಡಿದ ಮರ, ನಡುವೆ ಅಳುವ ಭೂಮಿ. ನಾನು ಇಂಥ ಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಹೋಗಿದ್ದೇನೆ. ಅಳುವ ಭೂಮಿಗೆ ಬಹುಮಾನ ಕೊಟ್ಟೂ ಇದ್ದೇನೆ.

1968ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ಮಾಡರ್ನಾ ಮ್ಯೂಸಿಯಂನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿ ಇಡಬೇಕು. ಡೆನ್ಮಾರ್ಕಿನ ಕಲಾವಿದ ಪಾಲೆ ನೀಲ್ಸನ್ ಇಡೀ ಗ್ಯಾಲರಿಯನ್ನು ಮಕ್ಕಳ ಕೈಗೆ ಕೊಟ್ಟುಬಿಟ್ಟರು. ಮರದ ಚೌಕಟ್ಟುಗಳು, ಮೇಲಿಂದ ಹಾರಿ ಬೀಳಲು ಸ್ಪಂಜಿನ ರಾಶಿ, ಬಣ್ಣ, ಸುತ್ತಿಗೆ, ಹಾಕಿಕೊಳ್ಳಲು ಬಟ್ಟೆಬರೆ, ಆಗಿನ ರಾಜಕೀಯ ನಾಯಕರ ಮುಖವಾಡಗಳು. ಹೆಸರು ‘ದಿ ಮಾಡೆಲ್’. ಮಕ್ಕಳಿಗೆ ಉಚಿತ, ಹಿರಿಯರಿಗೆ ಟಿಕೆಟ್. ಮೂರು ವಾರದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಸುಮಾರು 20 ಸಾವಿರ ಮಕ್ಕಳು. ಮಕ್ಕಳು ಹೇಗೆ ಆಡುತ್ತಾರೆ ಎಂಬುದನ್ನು ನೋಡಿ ದೊಡ್ಡವರ ಸಮಾಜ ತನ್ನನ್ನು ತಾನು ತಿದ್ದಿಕೊಳ್ಳಲಿ ಎಂಬ ಹಂಬಲ ಅದರ ಹಿಂದಿತ್ತು. ಆ ಕಾಲದ ಯುರೋಪಿನ ಉತ್ಸಾಹದ ಪಾಲೂ ಇದರಲ್ಲಿದೆ, ನಮ್ಮ ಯಾವ ಸರಕಾರಿ ಗ್ಯಾಲರಿಯೂ ಸುತ್ತಿಗೆ ಕೊಡಲಾರದು, ಬಿಡಿ. ಆದರೆ ಟಿಕೆಟ್ಟಿನ ಆ ಲೆಕ್ಕ ನನ್ನನ್ನು ಕಾಡುತ್ತದೆ. ನಾವು ಮಗುವಿನ ತಲೆ ಎಣಿಸಿ ದುಡ್ಡು ತೆಗೆದುಕೊಳ್ಳುತ್ತೇವೆ, ಮೇಲ್ವಿಚಾರಕರನ್ನು ಬಿಟ್ಟಿ ಬಿಡುತ್ತೇವೆ.

2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ ಮಕ್ಕಳಿಗಾಗಿ ಜಪಾನಿನ ಯಾಯೊಯಿ ಕುಸಾಮಾ ಮಾಡಿದ ಬಿಳಿ ಕೋಣೆಯ ಬಗ್ಗೆ ಕೇಳಿದವರಿರಬಹುದು. ಸೋಫಾ, ಮೇಜು, ಗೋಡೆ ಎಲ್ಲವೂ ಬಿಳಿ. ಬಂದ ಮಕ್ಕಳ ಕೈಗೆ ಬಣ್ಣಬಣ್ಣದ ದುಂಡು ಚೀಟಿ. ಎಲ್ಲಿ ಬೇಕಾದರೂ ಅಂಟಿಸಬಹುದು. ಸ್ವಲ್ಪ ದಿನದಲ್ಲಿ ಕೋಣೆ ಪೂರ್ತಿ ಚುಕ್ಕಿಗಳಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಅದು ಲೋಕವೆಲ್ಲ ಸುತ್ತಿತು. ನೋಡಲು ಹಬ್ಬ. ಆದರೆ ಚುಕ್ಕಿ ಕುಸಾಮಾ ಅವರದು, ಮಗುವಿನದು ಅಂಟಿಸುವ ಕೆಲಸ. ಇದು ಮಕ್ಕಳ ಕಲೆಯೋ, ಮಕ್ಕಳ ಕೈಯಿಂದ ಮಾಡಿಸಿಕೊಂಡ ದೊಡ್ಡವರ ಕಲೆಯೋ ಎಂದು ಕೇಳಬಹುದು. ಮಗು ಖುಷಿಪಟ್ಟರೆ ಸಾಕಲ್ಲವೇ ಎಂದು ಉತ್ತರಿಸಬಹುದು. ನನಗೆ ಆ ಉತ್ತರ ಸಾಲದು. ಖುಷಿ ಜಾರುಬಂಡಿಯಲ್ಲೂ ಸಿಗುತ್ತದೆ.

ನಮ್ಮದೇ ನೆಲದಲ್ಲಿ ಬೇರೆ ದಾರಿ ನಡೆದವರಿದ್ದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಮಾಡಿದ ಪ್ರಯೋಗಗಳು ಕನ್ನಡಿಗರಿಗೆ ಗೊತ್ತು. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಿಂದ 1962ರವರೆಗೆ ಗಾಂಧೀಜಿಯ ಸೇವಾಗ್ರಾಮದಲ್ಲಿ ಹಳ್ಳಿಯ ಮಕ್ಕಳಿಗೆ ಚಿತ್ರ ಕಲಿಸಿದರು. ಕಲಿಸಿದರು ಅನ್ನುವುದಕ್ಕಿಂತ, ಮಕ್ಕಳು ಬರೆದದ್ದನ್ನು ಕೆಡದಂತೆ ಕಾಪಾಡಿದರು ಅನ್ನಬೇಕು. ಬರೋಡಾದ ಲಲಿತಕಲಾ ವಿಭಾಗದ ಮೇಳಗಳಿಗಾಗಿ ಕೆ.ಜಿ. ಸುಬ್ರಮಣ್ಯನ್ ಮರ, ಚರ್ಮ, ಮಣಿ ಇತ್ಯಾದಿ ಜೋಡಿಸಿ ಆಟಿಕೆಗಳನ್ನು ಮಾಡಿದರು. ಮಕ್ಬೂಲ್ ಫಿದಾ ಹುಸೇನ್ ಹೆಸರಾಗುವ ಮುಂಚೆ, 1940ರ ದಶಕದಲ್ಲಿ, ಮುಂಬಯಿಯ ಪೀಠೋಪಕರಣದ ಅಂಗಡಿಯೊಂದಕ್ಕೆ ಮಕ್ಕಳ ಕೋಣೆಯ ಸಾಮಾನು ಮತ್ತು ಆಟಿಕೆಗಳ ವಿನ್ಯಾಸ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಸಯ್ಯದ್ ಹೈದರ್ ರಜಾ ಹೇಳುತ್ತಿದ್ದ ಬಾಲ್ಯದ ಪ್ರಸಂಗವಂತೂ ಪ್ರಸಿದ್ಧ. ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಎಲ್ಲಿಯೂ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಇದನ್ನೇ ನೋಡುತ್ತಾ ಕೂತಿರು ಅಂದರು. ಆ ಚುಕ್ಕಿ ದಶಕಗಳ ನಂತರ ರಜಾ ಅವರ ಬಿಂದುವಾಗಿ ಬಂತು. ಕಾಗದವಿಲ್ಲ, ಬಣ್ಣವಿಲ್ಲ, ಮನೆಗೆ ಒಯ್ಯಲು ಏನೂ ಇಲ್ಲ. ನೋಡುತ್ತಾ ಕೂತಿರು ಎಂದದ್ದಷ್ಟೇ. ನಮ್ಮ ಕಾರ್ಯಾಗಾರಗಳಿಗೆ ಇಷ್ಟು ತಾಳ್ಮೆಯಿಲ್ಲ, ಮಗು ಮನೆಗೆ ಏನಾದರೂ ಒಯ್ಯಲೇಬೇಕು. ಇಲ್ಲದಿದ್ದರೆ ಹೆತ್ತವರು ದುಡ್ಡು ದಂಡವಾಯಿತೆನ್ನುತ್ತಾರೆ.

ಈಗ ನಮ್ಮ ಕಡೆಗೂ ಬೆರಳು ತೋರಿಸಬೇಕು. ಅಂದು ಆ ಕೋಣೆಯಲ್ಲಿದ್ದ ಮುಸ್ಲಿಂ ಮಕ್ಕಳು ಇವರಿಬ್ಬರೇ. ಶುಲ್ಕ, ಇಂಗ್ಲಿಷ್, ಗೇಟಿನಲ್ಲಿ ನಿಂತ ಕಾವಲುಗಾರನ ನೋಟ ಇವೆಲ್ಲ ಕಾರಣಗಳೇ, ಒಪ್ಪುತ್ತೇನೆ. ದಲಿತ ಕೇರಿಯ ಮಕ್ಕಳು, ಗಾರ್ಮೆಂಟ್ಸ್ ಕೆಲಸದ ತಾಯಂದಿರ ಮಕ್ಕಳು ಕೂಡ ಅಲ್ಲಿರಲಿಲ್ಲ. ಆದರೆ ನಗರದಲ್ಲಿ ಶುಲ್ಕ ಕೊಡಬಲ್ಲ ನಮ್ಮವರು ಬೇಕಾದಷ್ಟಿದ್ದಾರೆ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ಮನೆಗಳಲ್ಲಿ ಒಂದು ಬಣ್ಣದ ಡಬ್ಬಿ ಇರುವುದಿಲ್ಲ. ಚಿತ್ರವೆಂದ ಕೂಡಲೇ ‘ತಸ್ವೀರ್ ನಕ್ಕೊ’ ಎಂದು ಬಾಗಿಲು ಹಾಕಿಬಿಡುತ್ತೇವೆ. ಮುಖ ಬೇಡವೆಂದವರಿಗೆ ಬರೆಯಲು ಇನ್ನೇನೂ ಉಳಿಯುವುದಿಲ್ಲವೇ? ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಅಲ್ಲಿನ ಕಿಟಕಿಗಳನ್ನು ನೋಡಿರುತ್ತೀರಿ. ಕಲ್ಲನ್ನೇ ಅಕ್ಷರವಾಗಿ ಕೊರೆದು, ಅಕ್ಷರಗಳ ನಡುವಿನಿಂದ ಬೆಳಕು ಒಳಬರುವಂತೆ ಮಾಡಿದ್ದಾರೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವ ಶಾಲೆಗಳು ಗೋಲಗುಮ್ಮಟದಲ್ಲಿ ಕೂಗಿಸಿ ವಾಪಸ್ ಕರೆತರುತ್ತವೆ. ಆ ಕಿಟಕಿಯ ಕೆಳಗೆ ನೆಲಕ್ಕೆ ಬೀಳುವ ನೆರಳನ್ನು ಕಾಗದದ ಮೇಲೆ ಹಿಡಿಯಲು ಒಂದು ಗಂಟೆ ಕೊಟ್ಟರೆ ಏನಾಗುತ್ತದೆ?

ನಾನು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತದ್ದು ಮುಲ್ತಾನಿ ಮಣ್ಣು ಬಳಿದ ಮರದ ತಖ್ತಿಯ ಮೇಲೆ, ಬೊಂಬಿನ ಕಲಮಿನಿಂದ. ಕಲಮಿನ ತುದಿಯನ್ನು ಓರೆಯಾಗಿ ಕತ್ತರಿಸಬೇಕು, ಓರೆ ತಪ್ಪಿದರೆ ‘ನೂನ್’ನ ಹೊಟ್ಟೆ ದುಂಡಗಾಗುವುದಿಲ್ಲ. ಒಂದು ಗೆರೆ ಎಲ್ಲಿ ದಪ್ಪವಾಗಬೇಕು, ಎಲ್ಲಿ ಉಸಿರು ಬಿಟ್ಟ ಹಾಗೆ ತೆಳುವಾಗಬೇಕು ಎಂಬುದನ್ನು ನನಗೆ ಕಲಿಸಿದ್ದು ಡ್ರಾಯಿಂಗ್ ಮೇಷ್ಟ್ರಲ್ಲ, ಆ ತಖ್ತಿ. ಮಧ್ಯಾಹ್ನ ಕನ್ನಡದ ಕಾಪಿ ಬರೆಯುವಾಗ ‘ಅ’ ಕೂಡ ನನ್ನ ಕೈಯಲ್ಲಿ ಸ್ವಲ್ಪ ನಸ್ತಾಲೀಖ್ ಆಗುತ್ತಿತ್ತು, ಟೀಚರ್ ಬೈಯುತ್ತಿದ್ದರು. ಇದನ್ನೆಲ್ಲ ಕಲೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಲಿಗಢದಲ್ಲಿ 1937ರಲ್ಲಿ ಹುಟ್ಟಿ, ಊರೂರು ತಿರುಗಿ, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಜರೀನಾ ಹಾಶ್ಮಿ ಅವರ ಕೃತಿಗಳ ಅಚ್ಚುಗಳನ್ನು ನೋಡಿದಾಗ ನನಗೆ ಆ ತಖ್ತಿ ನೆನಪಾಗಿತ್ತು. 1999ರಲ್ಲಿ ಅವರು ಮಾಡಿದ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ 36 ಮರದಚ್ಚುಗಳ ಸರಣಿ. ಪ್ರತಿಯೊಂದರಲ್ಲೂ ಒಂದು ಉರ್ದು ಪದ, ಅದರ ಜೊತೆಗೆ ಕಪ್ಪು ಬಿಳುಪಿನಲ್ಲಿ ಕೆಲವೇ ಗೆರೆಗಳು. ಮನೆ, ಹೊಸ್ತಿಲು, ಬಾಗಿಲು ಹೀಗೆ. ಒಂದು ಮುಖವೂ ಇಲ್ಲ. ಆದರೂ ಅಲ್ಲಿ ಒಂದು ಕುಟುಂಬ ಇದೆ, ದೇಶ ಒಡೆದ ಮೇಲೆ ಚದುರಿಹೋದ ಕುಟುಂಬ. ನಸ್ರೀನ್ ಮೊಹಮದಿ ಎಂಬ ಇನ್ನೊಬ್ಬ ಹೆಣ್ಣುಮಗಳು ಬರೋಡಾದಲ್ಲಿ ಪಾಠ ಮಾಡುತ್ತಾ, ಬರೀ ಗೆರೆಗಳಲ್ಲೇ ಒಂದು ಲೋಕ ಕಟ್ಟಿ 1990ರಲ್ಲಿ ತೀರಿಕೊಂಡರು. ಇವರಿಬ್ಬರ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತು? ‘ನಿಮ್ಮ ಕುಟುಂಬದ ಮುಖಗಳನ್ನು ಬರೆಯಿರಿ’ ಎನ್ನುವ ಬದಲು ‘ನಿಮ್ಮ ಮನೆಯ ಒಂದು ಪದ ಹೇಳಿ, ಅದಕ್ಕೆ ನಾಲ್ಕು ಗೆರೆ ಹಾಕಿ’ ಎಂದಿದ್ದರೆ, ಆ ಕೋಣೆಯಲ್ಲಿ ತಮಿಳು, ತೆಲುಗು, ಕೊಂಕಣಿ, ದಖನಿ ಎಲ್ಲವೂ ಕೇಳಿಬರುತ್ತಿದ್ದವು. ನಾಯಿ ಇರುವವರು ನಾಯಿ ಬರೆಯುತ್ತಿದ್ದರು.

ಭಾನುವಾರದ ಎರಡು ಗಂಟೆಯಿಂದ ಇದೆಲ್ಲ ಆಗುವುದಿಲ್ಲ ಎಂದು ಗ್ಯಾಲರಿಯವರು ಹೇಳಬಹುದು. ನಿಜವೇ. ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದಿದೆ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ? ನಮ್ಮ ಹಳ್ಳಿ ಶಾಲೆಗಳ, ಉರ್ದು ಶಾಲೆಗಳ ಸಂಖ್ಯೆ ಬಲ್ಲವರು ಉತ್ತರ ಊಹಿಸಬಹುದು. ಶಾಲೆ ಕೊಡಬೇಕಾದದ್ದನ್ನು ಕೊಡದಿದ್ದಾಗ ಅದು ಶುಲ್ಕ ಕೊಡಬಲ್ಲವರ ಭಾನುವಾರದ ಹವ್ಯಾಸವಾಗಿ ಉಳಿಯುತ್ತದೆ. ಗ್ಯಾಲರಿಗಳು ತಾವಾಗಿ ಹೊರಗೆ ಬರುವುದು ಸಾಧ್ಯ. 2012ರಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ 2018ರಿಂದ ‘ಆರ್ಟ್ ಬೈ ಚಿಲ್ಡ್ರನ್’ ಎಂಬ ಹೆಸರಿನಲ್ಲಿ ಶಾಲೆಗಳ ಮಕ್ಕಳ ಮತ್ತು ಶಿಕ್ಷಕರ ಜೊತೆ ಕೆಲಸ ಮಾಡುತ್ತ ಬಂದಿದೆ. ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾಶಾಲೆ ಇದೆ, ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಇದೆ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಶಿವಾಜಿನಗರದಿಂದ ಇವು ಯಾವುವೂ ದೂರವಲ್ಲ, ಹತ್ತು ರೂಪಾಯಿಯ ಆಸುಪಾಸಿನ ಬಸ್ ಪ್ರಯಾಣ. ಆದರೆ ಶಿವಾಜಿನಗರದ ಮಗುವನ್ನು ಕರೆದೊಯ್ಯಲು ಯಾರಾದರೂ ಒಬ್ಬರಿಗೆ ಮನಸ್ಸು ಬರಬೇಕು. ನಮ್ಮ ಜಮಾತಿನ ಸಮಿತಿಗಳು, ಶಾಲಾ ಆಡಳಿತ ಮಂಡಳಿಗಳು ಒಂದು ಬಸ್ಸು ಮಾಡಿದರೆ ಯಾರ ದೀನೂ ಕೆಡುವುದಿಲ್ಲ.

ಆ ಸಂಜೆ ಮನೆಯಲ್ಲಿ ಹುಡುಗ ಹಲಗೆಯನ್ನು ತನ್ನ ಬ್ಯಾಗಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಗೋಡೆಗೆ ಮುಖ ಮಾಡಿ ಇಟ್ಟಿದ್ದರಿಂದ ಪೆನ್ಸಿಲಿನ ನಾಲ್ಕು ಖಾಲಿ ಮುಖಗಳೇ ಹೊರಗೆ ಕಾಣುತ್ತಿದ್ದವು. ಕಸ ಗುಡಿಸುವಾಗ ನನ್ನ ತಾಯಿ ಅದನ್ನು ಎತ್ತಿ ತಿರುಗಿಸಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಡಿಕೆ ಕತ್ತರಿಯ ಮೇಲೆ ಬೆರಳಾಡಿಸಿದರು. ‘ಇದು ನಮ್ಮ ಕತ್ತರಿಯೇ’ ಅಂದರು. ಆಮೇಲೆ ಮುಖಕ್ಕೆ ಬಂದು, ‘ಆಂಖಾಂ ಕೌನ್ ಡಾಲೆ ರೇ?’ ಎಂದು ಹುಡುಗನನ್ನು ಕೇಳಿದರು. ಅವನು ನನ್ನ ಕಡೆ ನೋಡಲಿಲ್ಲ. ‘ಅಲ್ಲಿನ ಟೀಚರ್’ ಅಂದ. ನನ್ನ ತಾಯಿ ‘ಹೂಂ’ ಎಂದು ಹಲಗೆಯನ್ನು ಅಲ್ಲೇ ಇಟ್ಟು ಕಸಬರಿಕೆ ಎತ್ತಿಕೊಂಡರು.

ಹೊರಡುವಾಗ ಅಭಿಪ್ರಾಯ ಪುಸ್ತಕದಲ್ಲಿ ಪ್ರತಿ ಮಗುವೂ ಒಂದು ಸಾಲು ಬರೆಯಬೇಕಿತ್ತು. ಅವನು ಏನು ಬರೆದನೆಂದು ನಾನು ಅಲ್ಲಿ ನೋಡಿರಲಿಲ್ಲ. ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. ‘ಕೈ ತೊಳೆಯುವ ನಲ್ಲಿ ನಮ್ಮ ಎತ್ತರಕ್ಕೆ ಇದೆ ಎಂದು ಬರೆದೆ, ಖಾಲಾ’ ಅಂದ. ಯಾವ ಭಾಷೆಯಲ್ಲಿ ಎಂದು ಕೇಳಿದ್ದಕ್ಕೆ, ‘ಮೊದಲು ಕನ್ನಡದಲ್ಲಿ, ಆಮೇಲೆ ಕೆಳಗೆ ಜಾಗ ಇತ್ತು, ಉರ್ದುವಿನಲ್ಲೂ’ ಅಂದ. ಚಿಂತಾಮಣಿಯ ಬಸ್ಸು ಬಂತು.